ಬೆಳಗಿನ ಸಕ್ಕರೆ ಸರಿಯಿದ್ದರೂ ಮೂರು ತಿಂಗಳ ಲೆಕ್ಕ ಏಕೆ ತಪ್ಪುತ್ತದೆ?

ಪ್ರಶ್ನೆ: ನಾನು ಸಿಂಧನೂರಿನಲ್ಲಿ ಗೊಬ್ಬರ ಮತ್ತು ಬೀಜದ ಅಂಗಡಿ ನಡೆಸುತ್ತೇನೆ. ವಯಸ್ಸು 54. ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಬೆಳಿಗ್ಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮಿಪಿರೈಡ್ ಸೇರಿದ ಮಾತ್ರೆ, ರಾತ್ರಿ ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತೇನೆ. ತಿಂಗಳಿಗೊಮ್ಮೆ ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ 115ರಿಂದ 130ರ ಒಳಗೇ ಬರುತ್ತದೆ. ಪರೀಕ್ಷೆಯ ಹಿಂದಿನ ದಿನ ಬಾಯಿ ಕಟ್ಟಿ, ರಾತ್ರಿ ಮಜ್ಜಿಗೆ ಮಾತ್ರ ಕುಡಿದು ಮಲಗುತ್ತೇನೆ. ಹೀಗಿದ್ದೂ ಈ ಸಲ ಎಚ್‌ಬಿಎ1ಸಿ 8.9 ಬಂದಿದೆ. ಅನ್ನ ಬಹಳ ಕಡಿಮೆ ಮಾಡಿ ಎರಡು ಹೊತ್ತೂ ಜೋಳದ ರೊಟ್ಟಿ ತಿನ್ನುತ್ತಿದ್ದೇನೆ. ಹಂಗಾಮಿನಲ್ಲಿ ಮಧ್ಯಾಹ್ನದ ಊಟ ಮೂರು ಗಂಟೆಯಾಗುತ್ತದೆ. ಆ ಹೊತ್ತಿಗೆ ಒಮ್ಮೊಮ್ಮೆ ಕೈ ನಡುಗಿ ಬೆವರು ಬರುತ್ತದೆ, ಎದುರಿನ ಅಂಗಡಿಯಿಂದ ಮಿರ್ಚಿ, ಚಹಾ ತರಿಸಿಕೊಳ್ಳುತ್ತೇನೆ. ರಾತ್ರಿ ಪಾದ ಉರಿಯುತ್ತವೆ. ವೈದ್ಯರು ಇನ್ಸುಲಿನ್ ಆರಂಭಿಸೋಣ ಎಂದಿದ್ದಾರೆ, ಮನೆಯವರಿಗೆ ಹೆದರಿಕೆ. ನಮ್ಮ ಬೇಸಿಗೆಯಲ್ಲಿ ಅದನ್ನು ಇಡುವುದಾದರೂ ಹೇಗೆ? ಬರುವ ಯುಗಾದಿಗೆ ಶ್ರೀಶೈಲಕ್ಕೆ ಬರಿಗಾಲಿನಲ್ಲಿ ಪಾದಯಾತ್ರೆ ಮಾಡುವ ಹರಕೆಯಿದೆ, ಹೋಗಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿದ್ದರೂ ಅವೆಲ್ಲವೂ ಒಂದೇ ಗಂಟಿನ ಎಳೆಗಳು, ಮತ್ತು ಆ ಗಂಟು ಬಿದ್ದಿರುವುದು ನೀವು ಪರೀಕ್ಷೆ ಮಾಡಿಸುವ ಕ್ರಮದಲ್ಲಿ. ತಿಂಗಳಿನ 30 ದಿನಗಳಲ್ಲಿ ಒಂದು ದಿನ, ಆ ದಿನದ 24 ಗಂಟೆಗಳಲ್ಲಿ ಒಂದು ಗಳಿಗೆ, ಅದೂ ಹಿಂದಿನ ರಾತ್ರಿ ಮಜ್ಜಿಗೆ ಕುಡಿದು ಸಿದ್ಧಪಡಿಸಿಕೊಂಡ ಗಳಿಗೆ: ಅಷ್ಟನ್ನು ಮಾತ್ರ ನೀವು ಇಷ್ಟು ವರ್ಷ ನೋಡುತ್ತ ಬಂದಿದ್ದೀರಿ. ಉಳಿದ ಹೊತ್ತಿನಲ್ಲಿ ಸಕ್ಕರೆ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂಬುದು ನಿಮಗೂ ಗೊತ್ತಿಲ್ಲ, ನಿಮ್ಮ ವೈದ್ಯರಿಗೂ ಗೊತ್ತಿಲ್ಲ. ಎಚ್‌ಬಿಎ1ಸಿ ಈ ಮುಚ್ಚಿದ ಹೊತ್ತಿನ ಲೆಕ್ಕವನ್ನು ಹೊರಗೆ ತಂದಿದೆ.

ಆ ಲೆಕ್ಕ ಹೀಗೆ. ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್‌ಗೆ ರಕ್ತದಲ್ಲಿರುವ ಸಕ್ಕರೆ ನಿಧಾನವಾಗಿ ಅಂಟಿಕೊಳ್ಳುತ್ತದೆ. ಆ ಕಣಗಳ ಆಯುಸ್ಸು ಸುಮಾರು 120 ದಿನ. ಆದ್ದರಿಂದ ಎಷ್ಟು ಭಾಗಕ್ಕೆ ಸಕ್ಕರೆ ಅಂಟಿದೆ ಎಂದು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಎಚ್‌ಬಿಎ1ಸಿ 7 ಎಂದರೆ ಸರಾಸರಿ ಸುಮಾರು 154 ಮಿಲಿಗ್ರಾಂ, 8 ಎಂದರೆ 183, ನಿಮ್ಮ 8.9ರ ಅರ್ಥ ಹಗಲು ರಾತ್ರಿ ಸೇರಿ ಸರಾಸರಿ 209ರ ಆಸುಪಾಸು. ಬೆಳಿಗ್ಗೆ ನಿಜವಾಗಿಯೂ ದಿನವೂ 125 ಇದ್ದರೆ, ಸರಾಸರಿ 209 ಆಗಬೇಕಾದರೆ ಊಟದ ನಂತರದ ಹೊತ್ತುಗಳಲ್ಲಿ ಅದು 250, 280 ಮುಟ್ಟುತ್ತಿರಲೇಬೇಕು. ಇಲ್ಲವೆ ಮಜ್ಜಿಗೆ ಕುಡಿಯದ ಉಳಿದ ದಿನಗಳ ಬೆಳಗಿನ ಸಕ್ಕರೆಯೂ 125 ಇಲ್ಲ. ನನ್ನ ಊಹೆ ಎರಡೂ ನಿಜ ಎಂಬುದು. ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡಬೇಕು: ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ತುಸು ಹೆಚ್ಚಾಗಿ ಕಾಣಬಹುದು, ಇತ್ತೀಚೆಗೆ ರಕ್ತ ಹೋಗಿದ್ದರೆ ಅಥವಾ ರಕ್ತ ಹಾಕಿಸಿಕೊಂಡಿದ್ದರೆ ಕಡಿಮೆಯಾಗಿ ಕಾಣಬಹುದು. ಹಾಗಾಗಿ ಮುಂದಿನ ಸಲ ಹಿಮೋಗ್ಲೋಬಿನ್ ಕೂಡ ನೋಡಿಸಿ. ಆದರೆ ಅದರ ನೆಪದಲ್ಲಿ 8.9ನ್ನು ತಳ್ಳಿಹಾಕಬೇಡಿ.

ಪರೀಕ್ಷೆಯ ಹಿಂದಿನ ದಿನ ಬಾಯಿ ಕಟ್ಟುವುದು ನಿಮ್ಮೊಬ್ಬರ ರೂಢಿಯಲ್ಲ. ನನ್ನ ಬಳಿ ಬರುವ ಅರ್ಧದಷ್ಟು ಜನ ಅದನ್ನೇ ಮಾಡುತ್ತಾರೆ, ಶಾಲೆಗೆ ಇನ್ಸ್‌ಪೆಕ್ಟರ್ ಬರುವ ದಿನ ಗೋಡೆಗೆ ಸುಣ್ಣ ಹೊಡೆದ ಹಾಗೆ. ವೈದ್ಯರಿಂದ ಬೈಸಿಕೊಳ್ಳಬಾರದು ಎಂಬುದೇ ಇದರ ಹಿಂದಿನ ಕಾರಣ ಎಂದು ನನಗೆ ಗೊತ್ತು, ಮತ್ತು ಬೈಯುವ ನಮ್ಮ ಅಭ್ಯಾಸದ ಪಾಲೂ ಅದರಲ್ಲಿದೆ. ಆದರೆ ಅದರಿಂದ ಆದ ನಷ್ಟ ನೋಡಿ. ಆ ಸುಂದರ ಅಂಕಿಯನ್ನು ನಂಬಿ ವೈದ್ಯರು ನಿಮ್ಮ ಮಾತ್ರೆಯನ್ನು ವರ್ಷಗಟ್ಟಲೆ ಬದಲಿಸಲಿಲ್ಲ, ನೀವು ಊಟದ ಅಳತೆಯನ್ನು ಬದಲಿಸಲಿಲ್ಲ, ಅಷ್ಟರಲ್ಲಿ ಪಾದದ ನರಗಳು ಉರಿಯಲು ಆರಂಭಿಸಿದವು.

ಆದ್ದರಿಂದ ಮೊದಲ ಕೆಲಸ ಒಂದು ಗ್ಲುಕೋಮೀಟರ್ ಕೊಂಡು ಎರಡು ವಾರ ನಿಮ್ಮ ಮಾಮೂಲಿ ಊಟವನ್ನೇ ಮಾಡುತ್ತ ದಿನವನ್ನು ಅಳೆಯುವುದು. ದಿನಕ್ಕೆ ಏಳು ಸಲ ಬೆರಳು ಚುಚ್ಚಿಕೊಳ್ಳಬೇಕಾಗಿಲ್ಲ, ಎರಡು ಸಲ ಸಾಕು. ಸೋಮವಾರ ನಾಷ್ಟಾದ ಮೊದಲು ಮತ್ತು ನಾಷ್ಟಾ ಆರಂಭಿಸಿದ ಎರಡು ಗಂಟೆಯ ನಂತರ. ಮಂಗಳವಾರ ಮಧ್ಯಾಹ್ನದ ಊಟಕ್ಕೆ ಮೊದಲು ಮತ್ತು ಎರಡು ಗಂಟೆಯ ನಂತರ. ಬುಧವಾರ ರಾತ್ರಿಯ ಊಟಕ್ಕೆ ಅದೇ ರೀತಿ. ಗುರುವಾರದಿಂದ ಮತ್ತೆ ಮೊದಲಿನಿಂದ. ಎರಡು ಗಂಟೆಯನ್ನು ಮೊದಲ ತುತ್ತಿನಿಂದ ಎಣಿಸಬೇಕೇ ಹೊರತು ಕೈ ತೊಳೆದ ಮೇಲಲ್ಲ. ಪಕ್ಕದಲ್ಲಿ ಏನು ತಿಂದಿರಿ, ಎಷ್ಟು ರೊಟ್ಟಿ, ಅಂಗಡಿಯಲ್ಲಿ ಎಷ್ಟು ನಡೆದಾಡಿದಿರಿ ಎಂದು ಒಂದೊಂದು ಸಾಲು ಬರೆಯಿರಿ. ಉದ್ರಿ ಬರೆಯುವ ಪುಸ್ತಕದ ಹಿಂದಿನ ಹಾಳೆಗಳಾದರೂ ಸರಿ. ನಿಮ್ಮ ವಯಸ್ಸಿನವರಿಗೆ ಊಟಕ್ಕೆ ಮೊದಲು 80ರಿಂದ 130, ಊಟವಾದ ಎರಡು ಗಂಟೆಗೆ 180ರ ಒಳಗೆ ಎಂಬುದು ಸಾಮಾನ್ಯ ಗುರಿ. ಮನೆಯ ಮೀಟರ್‌ನಲ್ಲಿ ನೂರಕ್ಕೆ ಹದಿನೈದರಷ್ಟು ಹೆಚ್ಚುಕಡಿಮೆ ಸಹಜವಾದ್ದರಿಂದ 172 ಮತ್ತು 188ರ ನಡುವೆ ಭೇದ ಎಣಿಸಿ ತಲೆ ಕೆಡಿಸಿಕೊಳ್ಳಬೇಡಿ. ಊಟಕ್ಕೆ ಮೊದಲು 130 ಇದ್ದದ್ದು ನಂತರ 260 ಆಯಿತೇ ಎಂಬುದು ಮುಖ್ಯ.

ಚುಚ್ಚುವ ಮೊದಲು ಕೈಯನ್ನು ಸಾಬೂನಿನಿಂದ ತೊಳೆದು ಒರೆಸಿಕೊಳ್ಳಿ. ಬೆರಳಿಗೆ ಬೆಲ್ಲದ ಅಥವಾ ಹಣ್ಣಿನ ಅಂಟಿದ್ದರೆ ಮೀಟರ್ ಅದನ್ನೂ ಸೇರಿಸಿ ತೋರಿಸುತ್ತದೆ. ಬೆರಳ ತುದಿಯ ನಡುವೆ ಚುಚ್ಚದೆ ಬದಿಗೆ ಚುಚ್ಚಿದರೆ ನೋವು ಕಡಿಮೆ. ಸ್ಟ್ರಿಪ್‌ಗಳ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ತಂಪಾದ ಕಡೆ ಇಡಿ. ಬೈಕಿನ ಡಿಕ್ಕಿಯಲ್ಲೋ ಅಂಗಡಿಯ ತಗಡಿನ ಮಾಡಿನ ಕೆಳಗೋ ಬಿಸಿಲಿಗೆ ಕಾದ ಸ್ಟ್ರಿಪ್ ಸುಳ್ಳು ಹೇಳುತ್ತದೆ.

ಈಗ ಜೋಳದ ರೊಟ್ಟಿಯ ಮಾತು, ಇದನ್ನು ತುಸು ವಿವರವಾಗಿಯೇ ಬರೆಯಬೇಕು. ನಮ್ಮ ಭಾಗದಲ್ಲಿ ಜೋಳ ಬಡವರ ಬುತ್ತಿಯಾಗಿತ್ತು, ಅನ್ನ ಹಬ್ಬದ ಊಟವಾಗಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಗಂಗಾವತಿ, ಸಿಂಧನೂರು, ಮಾನ್ವಿಯ ಹೊಲಗಳಿಗೆ ಹರಿದ ಮೇಲೆ ಹೊಲ ಗದ್ದೆಯಾಯಿತು, ಸೋನಾ ಮಸೂರಿ ದಿನನಿತ್ಯದ ತಾಟಿಗೆ ಬಂತು. ಸಕ್ಕರೆ ಕಾಯಿಲೆ ಹೆಚ್ಚಿದ ಮೇಲೆ ಜನ ಜೋಳಕ್ಕೆ ಮರಳುತ್ತಿದ್ದಾರೆ. ಮರಳಿದ್ದು ಒಳ್ಳೆಯದೇ, ಆದರೆ ಜೊತೆಯಲ್ಲಿ ಒಂದು ತಪ್ಪು ನಂಬಿಕೆಯೂ ಬಂದಿದೆ: ಜೋಳದಲ್ಲಿ ಸಕ್ಕರೆ ಏರುವುದಿಲ್ಲ, ಆದ್ದರಿಂದ ಹೊಟ್ಟೆ ತುಂಬ ತಿನ್ನಬಹುದು ಎಂಬುದು. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ ಇದ್ದರೆ ನೂರು ಗ್ರಾಂ ಜೋಳದಲ್ಲಿಯೂ 68 ಗ್ರಾಂ ಇದೆ. ಸಜ್ಜೆಯದೂ ಹೆಚ್ಚು ದೂರವಿಲ್ಲ. ಜೋಳದ ಹೆಚ್ಚುಗಾರಿಕೆ ಅದರ ನಾರಿನಲ್ಲಿದೆ. ಪಾಲಿಶ್ ಮಾಡಿದ ಅಕ್ಕಿಗಿಂತ ಅದು ಮೂರು ಪಟ್ಟಿಗೂ ಹೆಚ್ಚು. ರೊಟ್ಟಿಯನ್ನು ಅಗಿದು ತಿನ್ನಬೇಕಾಗುವುದರಿಂದಲೂ, ಪಲ್ಯ ಕಾಳಿನ ಜೊತೆಗೇ ತಿನ್ನುವುದರಿಂದಲೂ ಸಕ್ಕರೆ ನಿಧಾನವಾಗಿ ಏರುತ್ತದೆ. ನಿಧಾನವಾಗಿ ಏರುವುದು ಬೇರೆ, ಏರದೇ ಇರುವುದು ಬೇರೆ.

ನಿಮ್ಮ ಅಂಗಡಿಯಲ್ಲಿ ಬೀಜ ತೂಗುವ ತಕ್ಕಡಿ ಇದ್ದೇ ಇರುತ್ತದೆ. ಒಂದು ದಿನ ಮನೆಯವರು ರೊಟ್ಟಿ ಬಡಿಯುವ ಮೊದಲು ಒಂದು ಉಂಡೆಗೆ ಹಿಡಿಯುವ ಒಣ ಹಿಟ್ಟನ್ನು ಆ ತಕ್ಕಡಿಯಲ್ಲಿ ತೂಗಿ ನೋಡಿ. ನಮ್ಮ ಮನೆಗಳ ಅಗಲವಾದ ರೊಟ್ಟಿಗೆ 50ರಿಂದ 60 ಗ್ರಾಂ ಹಿಟ್ಟು ಬೀಳುತ್ತದೆ, ಅಂದರೆ ಒಂದು ರೊಟ್ಟಿಯಲ್ಲಿಯೇ 35ರಿಂದ 40 ಗ್ರಾಂ ಪಿಷ್ಟ. ನಾಲ್ಕು ರೊಟ್ಟಿ ತಿಂದರೆ ಒಂದೇ ಕೂಳಿಗೆ 150 ಗ್ರಾಂ ಮುಟ್ಟಿತು, ಮತ್ತು ‘ಬಹಳ ಕಡಿಮೆ ಮಾಡಿದ್ದೇನೆ’ ಎಂದು ನೀವು ಬರೆದ ಆ ಅನ್ನ, ಕೊನೆಯಲ್ಲಿ ಸಾರು ಹಾಕಿಕೊಂಡು ಉಣ್ಣುವ ಒಂದು ಬಟ್ಟಲು, ಮತ್ತೆ 45 ಗ್ರಾಂ ಸೇರಿಸುತ್ತದೆ. ಖಡಕ್ ರೊಟ್ಟಿಗೆ ಹಿಟ್ಟು ಕಡಿಮೆ ಹಿಡಿಯುವುದು ನಿಜ, ಆದರೆ ಅದು ತೆಳುವೆಂದು ಲೆಕ್ಕವಿಲ್ಲದೆ ಮುರಿದುಕೊಂಡು ತಿನ್ನುವ ರೂಢಿಯೂ ಅಷ್ಟೇ ನಿಜ.

ಹಾಗಾದರೆ ತಾಟಿನಲ್ಲಿ ಏನಿರಬೇಕು? ರೊಟ್ಟಿಯನ್ನು ಎರಡಕ್ಕೆ ಇಳಿಸಿ, ಆ ಖಾಲಿಯಾದ ಜಾಗವನ್ನು ಪಲ್ಯ ಮತ್ತು ಕಾಳಿನಿಂದ ತುಂಬಿಸಿ. ಪುಂಡಿಪಲ್ಯ, ಮೆಂತ್ಯ, ರಾಜಗಿರಿ, ಹೀರೆ, ಚವಳಿ, ಬೆಂಡೆ ಯಾವುದಾದರೂ ಸರಿ, ಒಂದು ಚಮಚ ಅಂಚಿನಲ್ಲಿ ಹಚ್ಚಿಕೊಳ್ಳುವಷ್ಟಲ್ಲ, ಅರ್ಧ ತಾಟು. ಮೊಳಕೆಯೊಡೆದ ಹೆಸರು, ಮಡಿಕೆ, ಕಡಲೆ ಕಾಳಿನ ಪಲ್ಯ ಒಂದು ಬಟ್ಟಲು. ಅದಿಲ್ಲದ ದಿನ ಝುಣಕ. ಮಾಂಸಾಹಾರಿಗಳಾದರೆ ಮೊಟ್ಟೆ, ಮೀನು. ಜೊತೆಗೆ ಉಳ್ಳಾಗಡ್ಡಿ, ಸೌತೆ, ಮೂಲಂಗಿ ಹಸಿಯದು. ಮೊದಲು ಪಲ್ಯ ಕಾಳುಗಳನ್ನು ಒಂದಿಷ್ಟು ತಿಂದು ಆಮೇಲೆ ರೊಟ್ಟಿ ಮುರಿದರೆ ಅದೇ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತದೆ ಎಂಬುದು ಪರೀಕ್ಷಿಸಿ ಕಂಡುಕೊಂಡ ಸಂಗತಿ, ಖರ್ಚಿಲ್ಲದ ಉಪಾಯವೂ ಹೌದು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಸಕ್ಕರೆಯನ್ನು ಏರಿಸುವುದಿಲ್ಲ. ಆದರೆ ಎರಡರಲ್ಲಿಯೂ ಎಣ್ಣೆಯ ಅಂಶ, ಉಪ್ಪು ಹೆಚ್ಚಿರುವುದರಿಂದ ರಕ್ತದೊತ್ತಡ ಇದ್ದರೆ ಒಂದು ಚಮಚಕ್ಕೆ ನಿಲ್ಲಿಸಿ. ಅನ್ನವನ್ನು ಪೂರ್ತಿ ಬಿಡಿ ಎಂದು ನಾನು ಹೇಳುವುದಿಲ್ಲ. ಅನ್ನ ಬೇಕೆನಿಸಿದ ದಿನ ಒಂದು ರೊಟ್ಟಿ ಬಿಡಿ, ಎರಡೂ ಒಂದರ ಮೇಲೊಂದು ಬೇಡ. ಚಹಾಕ್ಕೆ ಸಕ್ಕರೆಯ ಬದಲು ಬೆಲ್ಲ ಹಾಕಿಕೊಂಡು ಸಮಾಧಾನಪಡುವವರಿಗೂ ಒಂದು ಮಾತು: ರಕ್ತಕ್ಕೆ ಅವೆರಡೂ ಹೆಚ್ಚುಕಡಿಮೆ ಒಂದೇ.

ಊಟವಾದ ಮೇಲೆ ಹದಿನೈದು ನಿಮಿಷ ನಡೆಯಿರಿ. ಬೆಳಗಿನ ವಾಕಿಂಗ್ ಬಿಡಬೇಕೆಂದಲ್ಲ, ಆದರೆ ನಿಮ್ಮ ತೊಂದರೆ ಇರುವುದು ಊಟದ ನಂತರದ ಹೊತ್ತಿನಲ್ಲಿ. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್‌ಗಾಗಿ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಆ ಕೆಲಸ ಸಕ್ಕರೆ ಏರುತ್ತಿರುವ ಗಳಿಗೆಯಲ್ಲೇ ನಡೆದರೆ ಲಾಭ ಹೆಚ್ಚು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ರಾಯಚೂರು ಸೀಮೆಯಲ್ಲಿ ಹೊರಗೆ ನಡೆಯಿರಿ ಎಂದು ಹೇಳುವಷ್ಟು ಕಠಿಣ ಮನಸ್ಸಿನವನು ನಾನಲ್ಲ. ಗೋದಾಮಿನೊಳಗೆ ಚೀಲಗಳ ಸಾಲಿನ ನಡುವೆ ನಾಲ್ಕು ಸುತ್ತು ಹಾಕಿದರೂ ನಡಿಗೆ ನಡಿಗೆಯೇ.

ಮಧ್ಯಾಹ್ನದ ನಡುಕ, ಬೆವರಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಆತಂಕ ತಂದದ್ದು ಆ ಸಾಲು. ಗ್ಲಿಮಿಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ನನ್ನು ಒತ್ತಿ ಹೊರಡಿಸುತ್ತದೆ. ನೀವು ಉಂಡಿರಾ ಇಲ್ಲವೇ ಎಂದು ಅದು ಕೇಳುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಮಾತ್ರೆ ನುಂಗಿ ಮೂರು ಗಂಟೆಯವರೆಗೆ ಗಿರಾಕಿಗಳ ನಡುವೆ ಊಟ ಮುಂದೂಡಿದಾಗ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯುತ್ತದೆ, ಅದೇ ಆ ನಡುಕ. ಎಚ್‌ಬಿಎ1ಸಿ 8.9 ಇರುವವರಿಗೂ ಇದು ಆಗುತ್ತದೆ, ಏಕೆಂದರೆ ಸರಾಸರಿ ಎಂಬುದು ಏರನ್ನೂ ಇಳಿತವನ್ನೂ ಕಲಸಿ ಕೊಟ್ಟ ಅಂಕಿ. ಇನ್ನೊಂದು ಸಾಧ್ಯತೆಯೂ ಇದೆ: ಬಹುಕಾಲ ಹೆಚ್ಚಿನ ಸಕ್ಕರೆಗೆ ಒಗ್ಗಿದ ದೇಹಕ್ಕೆ ಒಮ್ಮೆಲೇ 110ಕ್ಕೆ ಇಳಿದರೂ ನಡುಕ ಬರಬಹುದು. ಯಾವುದೆಂದು ತಿಳಿಯಲು ಆ ಗಳಿಗೆಯಲ್ಲೇ ಮೀಟರ್ ಹಿಡಿಯಬೇಕು. ಮೀಟರ್ ಕೈಯಲ್ಲಿಲ್ಲದಿದ್ದರೆ ಸಕ್ಕರೆ ಇಳಿದಿದೆ ಎಂದೇ ತಿಳಿದು ಉಪಚಾರ ಮಾಡಿಕೊಳ್ಳಿ.

ಆ ಉಪಚಾರ ಮಿರ್ಚಿಯಲ್ಲ. ಎಣ್ಣೆಯಲ್ಲಿ ಕರಿದ ಪದಾರ್ಥ ಹೊಟ್ಟೆಯಿಂದ ಮುಂದೆ ಸಾಗುವುದೇ ನಿಧಾನ, ಆದ್ದರಿಂದ ತುರ್ತಿಗೆ ಸಕ್ಕರೆ ಸಿಗುವುದಿಲ್ಲ. ನಡುಕ ನಿಲ್ಲಲಿಲ್ಲವೆಂದು ಇನ್ನೆರಡು ಮಿರ್ಚಿ, ಮೇಲೆ ಒಂದು ತಾಟು ಮಂಡಕ್ಕಿ ಒಗ್ಗರಣೆ ತಿಂದಿರಿ ಎಂದರೆ ಎರಡು ಗಂಟೆಯ ನಂತರ ಅದೆಲ್ಲ ಒಟ್ಟಿಗೆ ರಕ್ತಕ್ಕೆ ಬಂದು ಸಂಜೆಯ ಸಕ್ಕರೆ 300ರ ಹತ್ತಿರ ಹೋಗುತ್ತದೆ. ನಿಮ್ಮ 8.9ರ ಒಂದು ದೊಡ್ಡ ಪಾಲು ಈ ಮಧ್ಯಾಹ್ನಗಳಲ್ಲಿಯೇ ಅಡಗಿರಬಹುದು ಎಂಬ ಅನುಮಾನ ನನಗಿದೆ. ಸರಿಯಾದ ಕ್ರಮ ಹೀಗಿದೆ: ಮೂರು ಸಣ್ಣ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು, ಅಂದರೆ ಸುಮಾರು 15 ಗ್ರಾಂ, ನೀರಿನಲ್ಲಿ ಕದಡಿ ಕುಡಿದು ಕುಳಿತುಕೊಳ್ಳುವುದು, 15 ನಿಮಿಷಕ್ಕೆ ಮತ್ತೆ ನೋಡುವುದು, ಇನ್ನೂ 70ರ ಕೆಳಗಿದ್ದರೆ ಅಷ್ಟೇ ಮತ್ತೊಮ್ಮೆ, ಸರಿಯಾದ ಮೇಲೆ ಊಟಕ್ಕೆ ಕೂರುವುದು. ಗ್ಲಿಮಿಪಿರೈಡ್‌ನ ಪರಿಣಾಮ ದಿನವಿಡೀ ಇರುವುದರಿಂದ ಒಮ್ಮೆ ಸರಿಹೋದ ಸಕ್ಕರೆ ಕೆಲವು ಗಂಟೆಗಳಲ್ಲಿ ಮತ್ತೆ ಇಳಿಯಬಹುದು, ಹಾಗಾಗಿ ಊಟ ತಪ್ಪಿಸಬೇಡಿ. ಗಲ್ಲಾಪೆಟ್ಟಿಗೆಯಲ್ಲಿ ಒಂದು ಗ್ಲೂಕೋಸ್ ಪೊಟ್ಟಣ ಸದಾ ಇರಲಿ, ಅಂಗಡಿಯ ಹುಡುಗನಿಗೆ ಅದರ ವಿಷಯ ಗೊತ್ತಿರಲಿ. ಸಕ್ಕರೆ ತೀರ ಇಳಿದವರು ತೊದಲುತ್ತಾರೆ, ಸಿಡುಕುತ್ತಾರೆ, ತೂರಾಡುತ್ತಾರೆ. ಹಗಲಿನಲ್ಲೇ ಕುಡಿದು ಬಂದಿದ್ದಾರೆ ಎಂದು ಜನ ದೂರ ಸರಿದದ್ದನ್ನು ನಾನು ಕೇಳಿದ್ದೇನೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆ ಮಾಡಬೇಕೆಂದು ಆ ಹುಡುಗನಿಗೂ ಮನೆಯವರಿಗೂ ಹೇಳಿಡಿ. ಇದೆಲ್ಲಕ್ಕಿಂತ ಸುಲಭವಾದ ದಾರಿ, ಹಂಗಾಮಿನ ದಿನಗಳಲ್ಲಿ ಬುತ್ತಿ ತರಿಸಿಕೊಂಡು ಒಂದು ಗಂಟೆಗೆ ಅಂಗಡಿಯ ಹಿಂದೆ ಕುಳಿತು ಉಣ್ಣುವುದು. ಅದು ಸಾಧ್ಯವೇ ಇಲ್ಲವೆಂದರೆ ವೈದ್ಯರಿಗೆ ಹೇಳಿ, ಸಕ್ಕರೆಯನ್ನು ಇಷ್ಟು ಇಳಿಸದ ಬೇರೆ ಗುಂಪಿನ ಮಾತ್ರೆಗಳಿವೆ.

ಈಗ ಇನ್ಸುಲಿನ್. ಅದು ಬೇಕೇ ಬೇಡವೇ ಎಂಬುದನ್ನು ನಾನು ಪತ್ರದಲ್ಲಿ ತೀರ್ಮಾನಿಸಲಾರೆ, ನಿಮ್ಮ ವೈದ್ಯರು ತೀರ್ಮಾನಿಸಬೇಕು. ಆದರೆ ಅವರು ಆ ಮಾತು ಹೇಳಿದ್ದು 8.9 ಎಂಬ ಅಂಕಿಯನ್ನು ನೋಡಿ; ಅವರ ಮುಂದೆ ಈ ಎರಡು ವಾರದ ಪಟ್ಟಿ ಇರಲಿಲ್ಲ. ಪಟ್ಟಿಯನ್ನು, ಮಧ್ಯಾಹ್ನದ ನಡುಕದ ಸಂಗತಿಯನ್ನು, ಮಜ್ಜಿಗೆಯ ಗುಟ್ಟನ್ನೂ ಸಂಕೋಚವಿಲ್ಲದೆ ಅವರ ಮುಂದಿಡಿ. ಬೆಳಗಿನ ಸಕ್ಕರೆಯೇ ದಿನವೂ ಹೆಚ್ಚಿದ್ದರೆ ರಾತ್ರಿಯ ಒಂದು ಡೋಸ್ ಇನ್ಸುಲಿನ್ ಸೂಕ್ತವಾಗಬಹುದು. ಊಟದ ನಂತರವಷ್ಟೇ ಏರುತ್ತಿದ್ದರೆ ತಾಟು ಮತ್ತು ಮಾತ್ರೆ ಬದಲಿಸಿ ಮೂರು ತಿಂಗಳು ನೋಡುವ ಅವಕಾಶ ಇರಬಹುದು. ಯಾವುದೇ ಆದರೂ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಹೆಚ್ಚಿಸಬೇಡಿ.

ಮನೆಯವರ ಹೆದರಿಕೆಗೆ ಉತ್ತರ ಹೇಳಬೇಕು. ‘ಇನ್ಸುಲಿನ್ ಅಂದರೆ ಕಡೆಯ ಹಂತ, ಒಮ್ಮೆ ಹಿಡಿದರೆ ಬಿಡುವುದಿಲ್ಲ’ ಎಂಬ ಮಾತು ಹುಟ್ಟಿದ್ದಕ್ಕೆ ಕಾರಣವಿದೆ: ನಮ್ಮ ಹಿರಿಯರು ಅದನ್ನು ಕಂಡದ್ದು ಕಾಲು ಕೊಳೆತು, ಮೂತ್ರಪಿಂಡ ಸೋತು ಆಸ್ಪತ್ರೆ ಸೇರಿದವರ ಹಾಸಿಗೆಯ ಪಕ್ಕದಲ್ಲಿ. ಕಾಲು ಕೊಳೆತದ್ದು ಇನ್ಸುಲಿನ್‌ನಿಂದಲ್ಲ, ಅದನ್ನು ತಡವಾಗಿ ಆರಂಭಿಸಿದ್ದರಿಂದ. ಟೊರಾಂಟೊದಲ್ಲಿ 1922ರ ಜನವರಿಯಲ್ಲಿ ಮೊದಲ ಸಲ ಮನುಷ್ಯನಿಗೆ ಕೊಟ್ಟಾಗ ಅದನ್ನು ಪಡೆದವನು 14 ವರ್ಷದ ಹುಡುಗ, ಸಾವಿನ ಹತ್ತಿರವಿದ್ದವನು. ಅವನು ಆಮೇಲೆ 13 ವರ್ಷ ಬದುಕಿದ. ಅದು ಚಟ ಹಿಡಿಸುವ ವಸ್ತುವಲ್ಲ, ನಮ್ಮ ದೇಹವೇ ತಯಾರಿಸುವ ರಸ; ತಯಾರಿಕೆ ಕಡಿಮೆಯಾದಾಗ ಹೊರಗಿನಿಂದ ತುಂಬಿಕೊಡುತ್ತೇವೆ. ಈಗ ಇನ್ಸುಲಿನ್ ಚುಚ್ಚಿಕೊಳ್ಳಲು ಬಳಸುವ ಪೆನ್ನಿನ ಸೂಜಿ 4 ಮಿಲಿಮೀಟರ್ ಉದ್ದ ಮಾತ್ರ. ಹೊಟ್ಟೆಯ ಒಂದೇ ಜಾಗಕ್ಕೆ ದಿನವೂ ಚುಚ್ಚಿದರೆ ಅಲ್ಲಿ ಗಂಟಾಗಿ ಔಷಧಿ ಸರಿಯಾಗಿ ಹೀರಿಕೊಳ್ಳದು, ಆದ್ದರಿಂದ ಜಾಗ ಬದಲಿಸುತ್ತ ಹೋಗಬೇಕು. ಉಳಿದದ್ದನ್ನು ಆಸ್ಪತ್ರೆಯ ಸಿಸ್ಟರ್ ಒಂದು ದಿನದಲ್ಲಿ ಕಲಿಸುತ್ತಾರೆ.

ಬೇಸಿಗೆಯಲ್ಲಿ ಇಡುವ ಪ್ರಶ್ನೆ ಮಾತ್ರ ನಮ್ಮ ಸೀಮೆಯಲ್ಲಿ ನಿಜಕ್ಕೂ ಗಂಭೀರವಾದದ್ದು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರಿಜ್‌ನ ಬಾಗಿಲಿನಲ್ಲಿ ಅಥವಾ ಕೆಳಗಿನ ತಟ್ಟೆಯಲ್ಲಿ ಇಡಿ, ಐಸ್ ಕಟ್ಟುವ ಕಡೆ ಬೇಡ, ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಅದು ಕೆಲಸಕ್ಕೆ ಬಾರದು. ಬಳಸಲು ತೆರೆದದ್ದನ್ನು 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಹೊರಗಿಡಬಹುದು, ನಿಖರ ಅವಧಿ ಆಯಾ ಕಂಪನಿಯ ಚೀಟಿಯಲ್ಲಿ ಇರುತ್ತದೆ. ಹೊರಗೆ 42 ಡಿಗ್ರಿ ಇದ್ದು ಕರೆಂಟ್ ಹೋದಾಗ ನಮ್ಮ ಮನೆಗಳ ಹಳೆಯ ಉಪಾಯವೇ ನೆರವಿಗೆ ಬರುತ್ತದೆ. ಅಗಲ ಬಾಯಿಯ ಒಂದು ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಅದರೊಳಗೆ ಚಿಕ್ಕ ಮಡಕೆಯನ್ನು ಹೂತು, ಇನ್ಸುಲಿನ್ನನ್ನು ನೀರು ಒಳಹೋಗದ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಒಳಗಿರಿಸಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಗಾಳಿಯಾಡುವ ನೆರಳಿನಲ್ಲಿಡಿ. ಮರಳಿಗೆ ದಿನಕ್ಕೆರಡು ಸಲ ನೀರು ಹಾಕಿ. ನೀರು ಆವಿಯಾಗುವಾಗ ಮಡಕೆ ತಣ್ಣಗಾಗುತ್ತದೆ, ಮತ್ತು ನಮ್ಮ ಒಣ ಹವೆಯಲ್ಲಿ ಅದು ಕರಾವಳಿಗಿಂತ ಚೆನ್ನಾಗಿ ನಡೆಯುತ್ತದೆ. ಒಂದು ಸಣ್ಣ ಥರ್ಮಾಮೀಟರನ್ನು ಒಳಗಿಟ್ಟು ನೋಡಿದರೆ ಊಹೆಗೆ ಕೆಲಸವಿರುವುದಿಲ್ಲ. ಹೊಸ ಪೆನ್ನುಗಳನ್ನು ತಿಂಗಳಿಗೆ ಬೇಕಾದಷ್ಟೇ ಕೊಳ್ಳಿ, ಮೆಡಿಕಲ್ ಅಂಗಡಿಯಿಂದ ಮನೆಗೆ ತರುವಾಗಲೂ ಬೈಕಿನ ಡಿಕ್ಕಿಯಲ್ಲಿ ಹಾಕಿ ಸಂತೆಗೆ ಹೋಗಬೇಡಿ. ಸದಾ ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾಗಿ ಕಂಡರೆ ಎಸೆಯಿರಿ.

ಪಾದದ ಉರಿಗೆ ಬಂದರೆ, ಎಂಟು ವರ್ಷದ ಕಾಯಿಲೆ ಮತ್ತು ಈ ಸಕ್ಕರೆಯ ಮಟ್ಟದಲ್ಲಿ ಅದು ನರಗಳ ಹಾನಿಯೇ ಇರಬಹುದು. ಆದರೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ವಿಟಮಿನ್ ಬಿ12 ಕಡಿಮೆಯಾಗುವುದುಂಟು, ಅದರಿಂದಲೂ ಇದೇ ತರಹದ ಉರಿ ಬರುತ್ತದೆ, ಮತ್ತು ಅದನ್ನು ತುಂಬಿಕೊಡುವುದು ಸುಲಭ. ಆದ್ದರಿಂದ ಬಿ12 ಪರೀಕ್ಷೆ ಕೇಳಿ ಮಾಡಿಸಿ. ಉರಿಗಿಂತ ನಾನು ಹೆದರುವುದು ಉರಿ ನಿಂತುಹೋಗುವುದಕ್ಕೆ. ಕೆಲವರಲ್ಲಿ ಉರಿ ತಾನಾಗಿ ಕಡಿಮೆಯಾಗುವುದು ನರ ಸುಧಾರಿಸಿದ್ದರಿಂದಲ್ಲ, ಪೂರ್ತಿ ಸತ್ತದ್ದರಿಂದ. ಆಮೇಲೆ ಮುಳ್ಳು ಚುಚ್ಚಿದರೂ ಗೊತ್ತಾಗದು. ಪಾದದ ಹತ್ತಿಪ್ಪತ್ತು ಕಡೆ ಒಂದು ನೈಲಾನ್ ಎಳೆಯನ್ನು ಒತ್ತಿ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡುವ ಪರೀಕ್ಷೆ ಐದು ನಿಮಿಷದ್ದು, ನೋವಿಲ್ಲದ್ದು. ಜೊತೆಗೆ ಪಾದದ ನಾಡಿ ಬಡಿತ ನೋಡಬೇಕು, ಏಕೆಂದರೆ ರಕ್ತ ಸಂಚಾರ ಕಡಿಮೆಯಿದ್ದರೆ ಸಣ್ಣ ಗಾಯವೂ ಮಾಯದು. ನೀವು ಬೀಡಿ ಸಿಗರೇಟು ಸೇದುತ್ತೀರೋ ಇಲ್ಲವೋ ಬರೆದಿಲ್ಲ. ಸೇದುತ್ತಿದ್ದರೆ ಪಾದದ ಮಟ್ಟಿಗೆ ಅದನ್ನು ಬಿಡುವುದು ಯಾವ ಮಾತ್ರೆಗೂ ಕಡಿಮೆಯಲ್ಲದ ಚಿಕಿತ್ಸೆ.

ಇದೇ ಪರೀಕ್ಷೆಯ ಮೇಲೆ ನಿಮ್ಮ ಪಾದಯಾತ್ರೆಯ ತೀರ್ಮಾನ ನಿಂತಿದೆ. ಯುಗಾದಿಯ ಮೊದಲು ಕರ್ನೂಲಿನ ಕಡೆಯಿಂದ ನಲ್ಲಮಲ ಕಾಡು ಹಾಯ್ದು ಮಲ್ಲಿಕಾರ್ಜುನನ ದರ್ಶನಕ್ಕೆ ನಡೆಯುವ ನಮ್ಮ ಜನರ ಭಕ್ತಿಯನ್ನು ನಾನು ಕಣ್ಣಾರೆ ಕಂಡವನು, ಮತ್ತು ಹಿಂದಿರುಗಿದ ಮೇಲೆ ಬೊಕ್ಕೆಗಳು ಹುಣ್ಣಾದ ಪಾದಗಳಿಗೆ ಪಟ್ಟಿ ಕಟ್ಟಿದವನೂ ಹೌದು. ಬರಿಗಾಲಿನಲ್ಲಿ ಹೋಗಬಹುದೇ ಎಂಬುದಕ್ಕೆ ನನ್ನ ಉತ್ತರ ಸ್ಪಷ್ಟ: ಬೇಡ. ಮಾರ್ಚ್ ತಿಂಗಳ ಡಾಂಬರು ರಸ್ತೆ ಮಧ್ಯಾಹ್ನಕ್ಕೆ ಕಾದ ಹೆಂಚಿನಂತಿರುತ್ತದೆ. ಸ್ಪರ್ಶ ಕುಂದಿದ ಪಾದ ಸುಟ್ಟ ಸಂಗತಿ ರಾತ್ರಿ ತಂಗಿದಲ್ಲಿ ರಕ್ತ ಕಂಡಾಗಲೇ ತಿಳಿಯುತ್ತದೆ. ಪರೀಕ್ಷೆಯಲ್ಲಿ ಸ್ಪರ್ಶವೂ ನಾಡಿಯೂ ಸರಿಯಿದ್ದರೆ ಪಾದರಕ್ಷೆ ಹಾಕಿಕೊಂಡು ನಡೆಯುವುದನ್ನು ಯೋಚಿಸಬಹುದು. ಸ್ಪರ್ಶ ಹೋಗಿದೆ ಎಂದಾದರೆ ಈ ವರ್ಷ ವಾಹನದಲ್ಲಿ ಹೋಗಿ, ಗುಡಿಯ ಕಲ್ಲುಹಾಸು ಕಾಯುವ ಮೊದಲು ಬೆಳಗಿನ ಜಾವ ದರ್ಶನ ಮಾಡಿ. ಹರಕೆಯ ವಿಷಯವನ್ನು ನಿಮ್ಮ ಮಠದ ಸ್ವಾಮಿಗಳ ಬಳಿ ಬಿಚ್ಚಿ ಹೇಳಿ. ಕಾಯಿಲೆಯ ಕಾಲನ್ನು ಸುಟ್ಟುಕೊಂಡು ಬಾ ಎನ್ನುವ ಗುರುವನ್ನು ನಾನಂತೂ ಈವರೆಗೆ ಕಂಡಿಲ್ಲ.

ನಡೆದೇ ಹೋಗುವುದಾದರೆ ಹೊರಡುವ ಮೊದಲು ಕಣ್ಣಿನ ಪಾಪೆ ಹಿಗ್ಗಿಸಿ ಅಕ್ಷಿಪಟಲದ ಪರೀಕ್ಷೆ, ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂಬ ಪರೀಕ್ಷೆ, ಕ್ರಿಯಾಟಿನಿನ್, ರಕ್ತದೊತ್ತಡ ಮತ್ತು ಇಸಿಜಿ ಆಗಲಿ. ಇವು ಯಾತ್ರೆ ಇರಲಿ ಬಿಡಲಿ ವರ್ಷಕ್ಕೊಮ್ಮೆ ಆಗಲೇಬೇಕಾದವುಗಳು, ಇವುಗಳಲ್ಲಿ ಹೆಚ್ಚಿನವು ಜಿಲ್ಲಾ ಆಸ್ಪತ್ರೆಯಲ್ಲಿಯೇ ಆಗುತ್ತವೆ. ಹೃದಯದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಕ್ಕರೆ ಕಾಯಿಲೆಯವರಿಗೆ ಎದೆನೋವಿಲ್ಲದೆ ಬರೀ ಆಯಾಸ, ಉಬ್ಬಸವಾಗಿ ತೊಂದರೆ ಕಾಣಿಸಬಹುದು. ಮೆತ್ತನೆಯ ಅಡಿಯಿರುವ ಎಂಸಿಆರ್ (ಮೈಕ್ರೋಸೆಲ್ಯುಲಾರ್ ರಬ್ಬರ್) ಚಪ್ಪಲಿಯನ್ನು, ಹಿಂದೆ ಪಟ್ಟಿ ಇರುವಂಥದ್ದನ್ನು, ಎರಡು ತಿಂಗಳು ಮುಂಚೆಯೇ ಕೊಂಡು ಕಾಲಿಗೆ ಒಗ್ಗಿಸಿಕೊಳ್ಳಿ; ಹೊಸ ಚಪ್ಪಲಿಯಲ್ಲಿ ಯಾತ್ರೆ ಆರಂಭಿಸುವುದು ಬೊಕ್ಕೆಗೆ ಆಹ್ವಾನ. ಬಿಳಿಯ ಹತ್ತಿ ಕಾಲುಚೀಲ ಹಾಕಿದರೆ ರಕ್ತದ ಕಲೆ ಬೇಗ ಕಾಣುತ್ತದೆ. ಹಾಕುವ ಮೊದಲು ಚಪ್ಪಲಿಯೊಳಗೆ ಕೈಯಾಡಿಸಿ ನೋಡಿ. ರಾತ್ರಿ ತಂಗಿದಲ್ಲಿ ಕನ್ನಡಿ ಹಿಡಿದು ಅಂಗಾಲು, ಬೆರಳ ಸಂದು ನೋಡಿಕೊಳ್ಳಿ. ದಣಿವಾಯಿತೆಂದು ಬಿಸಿನೀರಿನಲ್ಲಿ ಕಾಲಿಡಬೇಡಿ, ಬೊಕ್ಕೆಯನ್ನು ಚುಚ್ಚಬೇಡಿ. ಚರ್ಮ ಒಡೆದದ್ದು ಕಂಡರೆ ನಡಿಗೆ ಅಲ್ಲಿಗೇ ಮುಗಿಯಿತೆಂದು ತಿಳಿದು ಅಂದೇ ವೈದ್ಯರಿಗೆ ತೋರಿಸಿ.

ದಾರಿಯಲ್ಲಿ ಭಕ್ತರಿಗೆ ಕೊಡುವ ಪಾನಕ, ಶಿರಾ, ಹುಗ್ಗಿ ಒಂದು ಕಡೆ; ದಿನವಿಡೀ ನಡೆದಾಗ ಸಕ್ಕರೆ ಇಳಿಯುವ ಅಪಾಯ ಇನ್ನೊಂದು ಕಡೆ. ಈ ಎರಡನೆಯದೇ ಹೆಚ್ಚು ತುರ್ತಿನದು, ಏಕೆಂದರೆ ದೀರ್ಘ ನಡಿಗೆಯ ಪರಿಣಾಮ ಮರುದಿನದವರೆಗೂ ಇದ್ದು, ರಾತ್ರಿ ನಿದ್ದೆಯಲ್ಲಿಯೂ ಸಕ್ಕರೆ ಇಳಿಯಬಹುದು. ಆ ದಿನಗಳಿಗೆ ಗ್ಲಿಮಿಪಿರೈಡ್‌ನ ಅಥವಾ ಆರಂಭಿಸಿದ್ದರೆ ಇನ್ಸುಲಿನ್‌ನ ಪ್ರಮಾಣ ಎಷ್ಟು ತಗ್ಗಿಸಬೇಕೆಂದು ವೈದ್ಯರಿಂದ ಮೊದಲೇ ಬರೆಸಿಕೊಂಡು ಹೋಗಿ. ಗ್ಲೂಕೋಸ್ ಪೊಟ್ಟಣ ಚೀಲದಲ್ಲಲ್ಲ, ಜೇಬಿನಲ್ಲಿರಲಿ, ಜೊತೆಗಾರನಿಗೆ ನಿಮ್ಮ ಕಾಯಿಲೆ ಗೊತ್ತಿರಲಿ. ವಾಂತಿ ಭೇದಿಯಾಗಿ ನೀರು ಕೂಡ ನಿಲ್ಲದಿದ್ದರೆ ಮೆಟ್‌ಫಾರ್ಮಿನ್ ನುಂಗದೆ ಆಸ್ಪತ್ರೆಗೆ ಹೋಗಬೇಕು; ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮಾತ್ರ ತಾವಾಗಿ ಪೂರ್ತಿ ನಿಲ್ಲಿಸಬಾರದು.

ಇಷ್ಟೆಲ್ಲ ಓದಿದ ಮೇಲೆ ಯಾರಾದರೂ ಒಂದು ಪುಡಿ ತಂದುಕೊಟ್ಟು, ಮೂರು ತಿಂಗಳಲ್ಲಿ ಸಕ್ಕರೆ ಬೇರುಸಹಿತ ಹೋಗುತ್ತದೆ ಎನ್ನುತ್ತಾರೆ, ಖಂಡಿತ ಎನ್ನುತ್ತಾರೆ. ಮೆಂತ್ಯ, ಹಾಗಲಕಾಯಿಯನ್ನು ಅಡುಗೆಯಲ್ಲಿ ತಿನ್ನಿ, ನನ್ನ ಆಕ್ಷೇಪವಿಲ್ಲ. ಹೆಸರು, ಪ್ರಮಾಣ ಬರೆಯದ ಪುಡಿಗಳಲ್ಲಿ ಸಕ್ಕರೆ ಇಳಿಸುವ ಇಂಗ್ಲಿಷ್ ಮಾತ್ರೆಗಳನ್ನೇ ಅರೆದು ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ; ನಿಮ್ಮ ಗ್ಲಿಮಿಪಿರೈಡ್ ಜೊತೆಗೆ ಅದೂ ಸೇರಿದರೆ ಮಧ್ಯಾಹ್ನದ ನಡುಕ ನಡುಕದಲ್ಲಿ ನಿಲ್ಲುವುದಿಲ್ಲ.

ಎರಡು ವಾರದ ಪಟ್ಟಿ ತಯಾರಾದ ಕೂಡಲೇ ವೈದ್ಯರನ್ನು ಕಾಣಿ, ಅದೇ ಭೇಟಿಯಲ್ಲಿ ಪಾದದ ಪರೀಕ್ಷೆಯನ್ನೂ ಕೇಳಿ. ಅಲ್ಲಿಂದ ಮೂರು ತಿಂಗಳಿಗೆ, ಅಂದರೆ ಶಿವರಾತ್ರಿಯ ಆಸುಪಾಸಿಗೆ, ಎಚ್‌ಬಿಎ1ಸಿ ಮತ್ತೊಮ್ಮೆ ಮಾಡಿಸಿ. ಹಿಂದಿನ ರಾತ್ರಿ ಮನೆಯಲ್ಲಿ ಏನು ಮಾಡಿದ್ದಾರೋ ಅದನ್ನೇ ಉಂಡು ಹೋಗಿ, ಆ ಪರೀಕ್ಷೆಗೆ ಖಾಲಿ ಹೊಟ್ಟೆಯೂ ಬೇಕಾಗಿಲ್ಲ.